ಎಡಗೈಲೆ ತಿಂದ ಸುಸಲಾ

ಶಹಾಪುರ
೧೮ ಆಗಸ್ಟ್ ೨೦೨೪, ರವಿವಾರ

ಪ್ರೀತಿಯ ಸಲ್ಮಾ,

ಶಹಾಪುರದ ಇತಿಹಾಸ ಬರೆಯುವ ಪಂಡಿತರು ಯಾರಾದರೂ ಇದ್ದರೆ ಒಂದು ಪುಟ ಖಾಲಿ ಬಿಟ್ಟುಕೊಳ್ಳಬೇಕೆಂದು ಈ ಮೂಲಕ ಸಾರುತ್ತಿದ್ದೇನೆ. ಹೋದ ಸೋಮವಾರ, ಅದೂ ಶ್ರಾವಣ ಸೋಮವಾರ, ನನ್ನ ಗಂಡ ಹಂಪಣ್ಣನವರು, ಬಟ್ಟೆ ವ್ಯಾಪಾರಿಗಳು, ಲಿಂಗಪೂಜೆ ಒಂದು ದಿನ ತಪ್ಪಿಸದವರು, ಊರಿನ ನಾಲ್ಕು ಮಂದಿಯ ನಡುವೆ ಕೂತು ಬುದ್ಧಿ ಹೇಳುವವರು, ಎಡಗೈಯಿಂದ ಸುಸಲಾ ತಿಂದರು.

ಸುಸಲಾ ಬಲಗೈಯಲ್ಲಿ ತಿಂದರೂ ನಾಲ್ಕು ಚುರುಮುರಿ ಅಂಗಿಯ ಮೇಲೆ ಬೀಳುತ್ತವೆ. ಎಡಗೈಯಲ್ಲಿ ತಿಂದದ್ದಕ್ಕೆ ಕಿಸೆಯೇ ತುಂಬಿತು. ನಾನು ಗಾಬರಿಯಾಗಿ ಬಲಗೈಗೆ ಏನಾಯಿತು ಎಂದು ಕೇಳಿದೆ. ಏನೂ ಆಗಿಲ್ಲ, ಸುಮ್ಮನೆ ಎಂದರು. ಶ್ರಾವಣದಲ್ಲಿ ಮನುಷ್ಯರು ಸುಮ್ಮನೆ ಉಪವಾಸ ಮಾಡುತ್ತಾರೆ, ಸುಮ್ಮನೆ ಮೌನ ಹಿಡಿಯುತ್ತಾರೆ. ಸುಮ್ಮನೆ ಎಡಗೈಲೆ ತಿಂದವರನ್ನು ನಾನು ಇವರೊಬ್ಬರನ್ನೇ ಕಂಡದ್ದು.

ಪತ್ರ ತಡವಾದದ್ದಕ್ಕೆ ಬೈಯಬೇಡ. ಬಕ್ರೀದಿಗೆ ನಾನು ಬರಲಿಲ್ಲ, ಪಂಚಮಿಗೆ ನಿನಗೆ ಉಂಡಿ ಕಳಿಸಲಿಲ್ಲ, ಎಲ್ಲ ತಪ್ಪೂ ನನ್ನದೇ. ಫೋನ್ ಇರುವಾಗ ಪತ್ರ ಯಾಕೆ ಎನ್ನುತ್ತೀಯ. ನಿಮ್ಮವರಿಗೆ, ಮೈನುದ್ದೀನ ಭಾಯಿಗೆ, ಲಕ್ವಾ ಹೊಡೆದು ಬಲಗೈ ಬಿದ್ದ ಮೇಲೆ ನಿಮ್ಮ ಮನೆಯ ಫೋನು ಅವರ ಮಂಚದ ಮೇಲೆ, ಸ್ಪೀಕರ್ ಹಾಕಿಕೊಂಡೇ ಇರುತ್ತದೆ. ನಾನು ಹಲೋ ಅಂದರೆ ಗೋಗಿಯ ಅರ್ಧ ಊರು ಹಲೋ ಅನ್ನುತ್ತದೆ. ಈ ಮಾತು ಭಾಯಿಯ ಕಿವಿಗೆ ಬೀಳಬಾರದು. ಅದಕ್ಕೇ ಶೇರ್ ಆಟೋದ ಬಸು ಕೈಯಲ್ಲಿ ಕಳಿಸುತ್ತಿದ್ದೇನೆ. ಅವನಿಗೆ ಓದಲು ಬರುತ್ತದೆ, ಆದರೆ ನನ್ನ ಅಕ್ಷರ ಓದಲು ಬರುವುದಿಲ್ಲ. ನಿನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಕಲಿತ ಅಕ್ಷರ, ನಿನಗೊಬ್ಬಳಿಗೇ ಗೊತ್ತು.

ಎಲ್ಲಕ್ಕೂ ಮೂಲ ಆ ಹಾಳು ಬಂದೂಕಿನ ಲೈಸೆನ್ಸು. ನಿನಗೆ ಗೊತ್ತಿದ್ದದ್ದೇ, ಆದರೂ ಹೇಳುತ್ತೇನೆ, ನನ್ನ ಸಿಟ್ಟಾದರೂ ಇಳಿಯಲಿ. ದೇವಾಪುರದ ನಮ್ಮ ಶೇಂಗಾ ಹೊಲಕ್ಕೆ ಹಂದಿ ನುಗ್ಗುತ್ತವೆಂದು ನಮ್ಮ ಮಾವನವರು ತೆಗೆಸಿದ್ದು, ಆಮೇಲೆ ಇವರ ಹೆಸರಿಗೆ ಬಂತು. ಮಾಲೀಕರ ಪರವಾಗಿ ಬಂದೂಕು ಹಿಡಿಯಬಹುದಾದವರೆಂದು ಅದರಲ್ಲಿ ಭಾಯಿಯ ಹೆಸರು ಮೂವತ್ತು ವರ್ಷದಿಂದ ಇದೆ. ಲೈಸೆನ್ಸು ನಮ್ಮವರದು, ಗುರಿ ನಿಮ್ಮವರದು. ನಮ್ಮವರ ಕೆಲಸ ಟಾರ್ಚು ಹಿಡಿಯುವುದು, ಶೇಂಗಾ ಚಟ್ನಿ ಮತ್ತು ರೊಟ್ಟಿಯ ಗಂಟು ಕಾಯುವುದು. ಇದನ್ನು ಬೇಟೆ ಎಂದು ಕರೆಯುವವರು ಇವರಿಬ್ಬರೇ. ಕಾನೂನಿನಲ್ಲಿ ಬೇಟೆಗೆ ಜಾಗವೇ ಇಲ್ಲ, ಬೆಳೆಗೆ ಬೀಳುವ ಹಂದಿಗೆ ಮಾತ್ರ ಅರಣ್ಯದವರ ಅಪ್ಪಣೆ ಬೇಕು. ಆ ಅಪ್ಪಣೆ ತೆಗೆದುಕೊಂಡು ಹೋಗುವವರಾದರೂ ಯಾರು? ಒಬ್ಬರು ತತ್ತಿಯನ್ನೂ ಮುಟ್ಟದ ಲಿಂಗವಂತರು, ಇನ್ನೊಬ್ಬರು ಐದು ಹೊತ್ತಿನ ನಮಾಜಿಗಳು. ಬಿದ್ದ ಹಂದಿಯ ಹತ್ತಿರ ಇಬ್ಬರೂ ಸುಳಿಯುವುದಿಲ್ಲ. ಅರಣ್ಯದವರು ಬಂದು ಹೂಳುವತನಕ ಬದುವಿನ ಮೇಲೆ ನಿಂತು "ನೀ ಹೋಗಿ ನೋಡು", "ಏ, ನೀನ ಹೋಗಿ ನೋಡೊ" ಎಂದು ಒಬ್ಬರನ್ನೊಬ್ಬರು ದಬ್ಬುತ್ತಿದ್ದರು. ಭೂಮಿಯ ಮೇಲೆ ಇಂಥ ಬೇಟೆಗಾರರ ಜೋಡಿ ಇನ್ನೊಂದು ಹುಟ್ಟಲಿಕ್ಕಿಲ್ಲ.

ಈ ವರ್ಷ ಮಾವನವರ ಹಳೇ ಜೋಡುನಳಿಗೆ ಬಂದೂಕು ಸೀಳುಬಿಟ್ಟಿತು. ದಸರೆಯೊಳಗೆ ಬೇರೊಂದು ತೆಗೆದುಕೊಂಡು ದಾಖಲು ಮಾಡಿಸದಿದ್ದರೆ ಲೈಸೆನ್ಸು ಹೋಗುತ್ತದಂತೆ. ಹೋದರೆ ಹೋಗಲಿ, ತಂತಿ ಬೇಲಿ ಹಾಕಿಸಿರಿ ಎಂದೆ. ಬೇಲಿಯನ್ನು ಅವರ ಕುತ್ತಿಗೆಗೇ ಸುತ್ತಿದ ಹಾಗೆ ನನ್ನನ್ನು ನೋಡಿದರು. ಹಾಗಾದರೆ ಹೊಸದೊಂದು ತನ್ನಿರಿ ಎಂದೆ. ಅದೂ ಆಗಲಿಲ್ಲ. ಹಳೇ ಕಾಲದ, ಒಂದು ಗುಂಡಿಗೊಮ್ಮೆ ಕೈಯಿಂದ ಬೋಲ್ಟು ಎಳೆದು ತಳ್ಳುವ ರೈಫಲ್ಲೇ ಬೇಕಂತೆ. ಅದರ ಕಬ್ಬಿಣ ಇಟ್ಟುಕೊಂಡು, ಭುಜಕ್ಕೆ ಆನಿಸುವ ಮರವನ್ನು ಹೊಸದಾಗಿ ಅಳತೆ ಕೊಟ್ಟು ಮಾಡಿಸುತ್ತಾರಂತೆ. ಮಗಳ ಮದುವೆಯ ಸೀರೆಯನ್ನು ಅಂಗಡಿಯ ಮುಂದಿನ ರ‍್ಯಾಕಿನಿಂದಲೇ ಎತ್ತಿ ಕೊಟ್ಟ ಮನುಷ್ಯ, ಸಲ್ಮಾ! "ಅಲ್ರಿ, ಮಾಡಿಸೋದೇನೋ ಖರೆ, ಹೊಡಿಯೋರು ಯಾರು?" ಎಂದು ಕೇಳಿದೆ. ಮರುದಿನವೇ ಎಡಗೈಯ ವ್ರತ ಶುರುವಾಯಿತು. ಎಡಗೈಲೆ ಗಡ್ಡ ಕೆರೆದುಕೊಂಡು ಗದ್ದಕ್ಕೆ ಹತ್ತಿ ಅಂಟಿಸಿಕೊಂಡರು. ಎಡಗೈಲೆ ಕತ್ತರಿ ಹಿಡಿದು ಯಾರದೋ ಕುಪ್ಪಸದ ಬಟ್ಟೆಯನ್ನು ಭೀಮಾ ನದಿಯ ದಂಡೆಯ ಹಾಗೆ ಕತ್ತರಿಸಿದರು. ಆ ಬಟ್ಟೆ ಈಗ ನಮ್ಮ ಮನೆಯ ಒಲೆ ಒರೆಸುತ್ತದೆ.

ರೈಫಲ್ ನೋಡಲು ನನ್ನನ್ನೂ ಎಳೆದುಕೊಂಡು ಹೋದರು. ಹೆಂಗಸರು ಜೊತೆಗಿದ್ದರೆ ದರ ಇಳಿಯುತ್ತದೆ ಎಂಬುದು ವ್ಯಾಪಾರಿಗಳ ನಂಬಿಕೆ. ಮೊದಲು ಯಾದಗಿರಿಯ ಬಂದೂಕಿನ ಅಂಗಡಿ. ಅಲ್ಲಿದ್ದದ್ದು ವಿಲಾಯತಿ ಮಾಲು, ಮರದ ಮೇಲೆ ಬಳ್ಳಿ ಹೂವಿನ ಕೆತ್ತನೆ, ಮದುಮಗನ ಹಾಗೆ ಮಿಂಚುತ್ತಿತ್ತು. ಅಂಗಡಿಯವರು ಅದರ ವಂಶಾವಳಿ ಹೇಳಲು ಶುರು ಮಾಡಿದ್ದರು. ಇವರು ಅದನ್ನು ಎಡಭುಜಕ್ಕೆ ಆನಿಸಿ, ಬಲಕ್ಕಿದ್ದ ಬೋಲ್ಟನ್ನು ಎಡಗೈ ದಾಟಿಸಿ ಎಳೆಯಲು ಹೋದರು. ಹಿಡಿಕೆ ನೆಟ್ಟಗೆ ಹೊರಚಾಚಿತ್ತು, ಕೈ ಸಿಗಲಿಲ್ಲ, ಮೊಣಕೈ ಹೋಗಿ ಚಹಾದ ಕಪ್ಪಿಗೆ ಬಡಿಯಿತು. ಚಹಾ ಬಿದ್ದದ್ದು ನನ್ನ ಇಳಕಲ್ ಸೀರೆಯ ಮೇಲೆ. ಇವರು ನನ್ನ ಕಡೆ ನೋಡಲೂ ಇಲ್ಲ. "ಬ್ಯಾಡ, ಕೈಗೆ ನಿಲುಕಂಗಿಲ್ಲ" ಎಂದು ಎದ್ದೇಬಿಟ್ಟರು. ಬಲಗೈ ಇದೆಯಲ್ಲ ಯಜಮಾನರೇ ಎಂದು ಅಂಗಡಿಯವರು ಮೆಲ್ಲಗೆ ನೆನಪಿಸಿದರು. ಗೊತ್ತದ ಎಂದರು.

ಎರಡನೆಯದು ಇಲ್ಲೇ ಶಹಾಪುರದಲ್ಲಿ, ಒಬ್ಬ ನಿವೃತ್ತ ಸಾಹೇಬರ ಮನೆಯಲ್ಲಿತ್ತು. ಅದರ ಬೋಲ್ಟು ಎಡಗೈಗೂ ಬೆಣ್ಣೆಯ ಹಾಗೆ ಬರುತ್ತದೆಂದು ಇವರು ಕುಣಿದರು. ಆಮೇಲೆ ತಿಳಿಯಿತು, ಆ ಅಳತೆಯ ಗುಂಡಿನ ರೈಫಲ್ಲನ್ನು ನಮ್ಮಂಥವರು ಇಟ್ಟುಕೊಳ್ಳುವ ಹಾಗೇ ಇಲ್ಲವಂತೆ, ಸಾಹೇಬರದು ವಿಶೇಷ ಪರವಾನಗಿಯಂತೆ. ಎರಡು ದಿನ ಊಟ ಸೇರಲಿಲ್ಲ. ಅತ್ತೆಯವರು ತೀರಿಕೊಂಡಾಗ ಒಂದೇ ಹೊತ್ತು ಬಿಟ್ಟಿದ್ದರು.

ಮೂರನೆಯದಕ್ಕೆ ಮೊನ್ನೆ ಶುಕ್ರವಾರ ಸುರಪುರಕ್ಕೆ ಹೋದೆವು. ಅಲ್ಲಿಯ ಭೀಮರಾಯ ನಾಯಕರ ಹತ್ತಿರ ಅವರ ಅಜ್ಜನ ಕಾಲದ್ದೊಂದು ಇದೆ, ಕಾಗದಪತ್ರ ಎಲ್ಲ ಸರಿಯಿದೆ, ಮಾರಾಟ ಯಾದಗಿರಿಯ ಅಂಗಡಿಯ ಮೂಲಕ ಆಗಬೇಕು ಅಷ್ಟೆ. ಸುರಪುರದವರ ಮುಂದೆ ಬಂದೂಕಿನ ಮಾತೆತ್ತುವುದೆಂದರೆ ಸ್ವಾಮಿಗಳ ಮುಂದೆ ಆಶೀರ್ವಚನ ಮಾಡಿದ ಹಾಗೆ. ಭೀಮರಾಯರು ಮೊದಲು ಚಹಾ ಕೊಟ್ಟರು, ಆಮೇಲೆ ಅಜ್ಜನ ಗುರಿಯ ಕಥೆ ಕೊಟ್ಟರು, ಕಥೆ ಮುಗಿಯುವ ಹೊತ್ತಿಗೆ ನಮ್ಮ ಬಸ್ಸು ಹೋಗಿತ್ತು. ಕೊನೆಗೆ ಹಳೇ ಕಂಬಳಿ ಬಿಚ್ಚಿದರು. ಅಯ್ಯೋ ಸಲ್ಮಾ, ಅಂಥ ಕುರೂಪಿ ವಸ್ತುವನ್ನು ನಾನು ಕಂಡಿಲ್ಲ. ಮರವನ್ನು ಗೆದ್ದಲು ತಿಂದು ಜರಡಿ ಮಾಡಿತ್ತು. ಆದರೆ ನಳಿಗೆ ಒಳಗೆ ಕನ್ನಡಿಯ ಹಾಗಿತ್ತು, ಬೋಲ್ಟಿನ ಹಿಡಿಕೆ ಕೆಳಕ್ಕೆ ಬಾಗಿ ಕೈಗೆ ಹತ್ತಿರವಿತ್ತು.

ಇವರು ಬಲಗೈಯನ್ನು ಸತ್ತ ಹಾವಿನ ಹಾಗೆ ತೊಡೆಯ ಮೇಲೆ ಬಿಟ್ಟರು. ನಳಿಗೆಯನ್ನು ಕಿಟಕಿಯ ಕಟ್ಟೆಗೆ ಆನಿಸಿದರು. ಕಣ್ಣು ಮುಚ್ಚಿ ಎಡಗೈ ಒಂದರಿಂದಲೇ ಎತ್ತು, ಎಳೆ, ತಳ್ಳು, ಇಳಿಸು. ಮತ್ತೆ ಎತ್ತು, ಎಳೆ. ಭೀಮರಾಯರು ಬಹಳ ಹೊತ್ತು ಸಹಿಸಿದರು.

"ಸಾವ್ಕಾರ್ರ, ನೀವು ಬಂದೂಕ ನೋಡಾಕ ಬಂದೀರೋ, ಎಮ್ಮಿ ಹಿಂಡಾಕ ಬಂದೀರೋ?"

ಇವರು ಕಣ್ಣು ತೆರೆದರು. ಮುಖದ ಮೇಲೆ ನಗು ಇತ್ತು. ಎಷ್ಟು ದಿನದ ಮೇಲೆ ಕಂಡೆನೋ ಆ ನಗುವನ್ನು. "ಹಿಂಡತದರೀ," ಎಂದರು. "ಎಡಗೈಲೆ ಹಿಂಡತದ. ಇದ ನನಗ ಬೇಕು."

ನನಗೆ ಅಲ್ಲಿಯೂ ಬುದ್ಧಿ ಹೊಳೆಯಲಿಲ್ಲ ನೋಡು. ಸಂಜೆಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೈದೆ. ಗೆದ್ದಲು ತಿಂದ ಕಟ್ಟಿಗೆಗೆ ಹಣ ಸುರಿಯುವವರು ಹಂಪಿಯಲ್ಲಿಯೂ ಇಲ್ಲ, ಹೈದರಾಬಾದಿನಲ್ಲಿಯೂ ಇಲ್ಲ ಎಂದೆ. ಅವರು ಕಿಟಕಿಯಾಚೆಯ ಗುಡ್ಡ ನೋಡುತ್ತ ಕೂತಿದ್ದರು. ದೇವಾಪುರದ ಕಡೆಯ ದಾರಿ ಬಂದಾಗ ತಿರುಗಿ, ಏನೋ ಲೆಕ್ಕ ಹಾಕುವವರ ಹಾಗೆ ಕೇಳಿದರು:

"ಸೂಗೀ, ಮೈನುನ ತೋಳು ನನ್ನಕಿಂತ ಉದ್ದ ಅದ ಅಲ್ಲ?"

ಸುಸಲಾ, ಗಡ್ಡ, ಕತ್ತರಿ, ನನ್ನ ಇಳಕಲ್ ಸೀರೆ, ಎಲ್ಲ ಒಮ್ಮೆಲೇ ಅರ್ಥವಾಯಿತು. ಬಲಗೈ ಬಿದ್ದ ಮನುಷ್ಯನಿಂದ ಏನೇನು ಆಗುತ್ತದೆ, ಏನೇನು ಆಗುವುದಿಲ್ಲ ಎಂದು ನನ್ನ ಗಂಡ ಸೋಮವಾರದಿಂದ ತನ್ನ ಮೈಮೇಲೆ ನೋಡಿಕೊಳ್ಳುತ್ತಿದ್ದರು. ಜೋಡುನಳಿಗೆಯನ್ನು ಮಡಚಿ ಗುಂಡು ತುಂಬಲು ಎರಡು ಕೈ ಬೇಕು, ಈ ಬೋಲ್ಟಿಗೆ ಒಂದೇ ಸಾಕು. ಬಾಯಿಬಿಟ್ಟು ಹೇಳಿದ್ದರೆ ನಾನು ಬೈಯುವುದಾದರೂ ತಪ್ಪುತ್ತಿತ್ತು. ಆದರೆ ಹೇಳಿಬಿಟ್ಟರೆ ಗಂಡಸಿನ ಮರ್ಯಾದೆ ಏನಾಗಬೇಕು!

ನಿನ್ನೆ ಯಾದಗಿರಿಯಲ್ಲಿ ಮರ ಕೆತ್ತುವ ಅಂಬ್ರಪ್ಪನವರ ಹತ್ತಿರ ಹೋದೆವು. ಅವರು ಸಿಡುಕರಲ್ಲಿ ಸಿಡುಕರು. ಕೆತ್ತುವುದಕ್ಕೆ ಮೊಣಕೈಯ ಮಡಿಕೆಯಿಂದ ತೋರುಬೆರಳಿನ ಮೊದಲ ಗೆಣ್ಣಿನವರೆಗಿನ ಅಳತೆ ಬೇಕು ಎಂದರು. ನಮ್ಮವರು ತಮ್ಮ ಕೈ ಚಾಚಿ, ಇದಕ್ಕಿಂತ ಎರಡು ಬೆರಳು ಉದ್ದ ಹಿಡಿಯಿರಿ ಎಂದರು. ಯಾರ ಕೈ ಎಂದು ಅಂಬ್ರಪ್ಪ ಕೇಳಿದರು. ನನ್ನ ಗೆಳೆಯನದು, ಅಂದಾಜು ಇದೆ ಎಂದರು ಇವರು. ಅಂಬ್ರಪ್ಪ ಉಳಿ ಕೆಳಗಿಟ್ಟರು. "ಬಟ್ಟಿ ಅಂಗಡಿ ಇಟ್ಟೀರಿ, ಅಂದಾಜಿನ ಮ್ಯಾಲ ಅಂಗಿ ಹೊಲಸ್ತೀರೇನ್ರಿ? ಆ ಮನಷಾನ್ನ ಕರಕೊಂಡ ಬರ್ರಿ." ನಮ್ಮವರು ಹೊರಗೆ ಬಂದರು. ಬಸ್ಸು ಬರುವತನಕ ಎಡಗೈಲೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ನಿಂತಿದ್ದರು, ಅದೂ ತಪ್ಪಾಗಿತ್ತು.

ಉಳಿದಂತೆ ಇಲ್ಲಿ ಎಲ್ಲ ಕ್ಷೇಮ. ಮಗಳು ಸೈದಾಪುರದಿಂದ ಪಂಚಮಿಗೆ ಬಂದು ಹೋದಳು, ನಿನ್ನನ್ನು ಬಹಳ ಕೇಳಿದಳು. ನಿನ್ನ ಮೊಣಕಾಲಿಗೆ ಎಳ್ಳೆಣ್ಣೆ ಹಚ್ಚುವುದನ್ನು ಬಿಡಬೇಡ. ಭಾಯಿಗೆ ನನ್ನ ಸಲಾಮು ಹೇಳು, ಮೊಮ್ಮಕ್ಕಳಿಗೆ ಮುತ್ತು ಕೊಡು. ನಿಮ್ಮ ಅಲ್ಲಾಹನೂ ನಮ್ಮ ಬಸವಣ್ಣನೂ ಸೇರಿ ನಿಮ್ಮ ಮನೆಯನ್ನು ತಣ್ಣಗಿಡಲಿ, ನನ್ನ ಮನೆಯ ಹಟಮಾರಿಗೆ ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ನಿನ್ನ,
ಸೂಗಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಬಕ್ರೀದಿನ ಮರುದಿನ ಇವರು ನಿಮ್ಮಲ್ಲಿಗೆ ಬಂದಿದ್ದರಲ್ಲ, ಆಗ ನೀನು ಒಳಗೆ ಚಹಾ ಮಾಡುತ್ತಿದ್ದೆಯಂತೆ. ಭಾಯಿ ಗೋಡೆಯ ಕಡೆ ಮುಖ ಮಾಡಿ, "ಹಂಪಣ್ಣ, ಲೈಸೆನ್ಸದಾಗಿಂದು ನನ್ನ ಹೆಸರು ಹೊಡಿಸಿಬಿಡು. ಇನ್ನ ನೀ ಈ ಕಡಿ ಬರಬ್ಯಾಡ, ನಿನ್ನ ನೋಡಿದ್ರ ನನಗ ಆ ಹೊಲ ನೆನಪಾಗತದ" ಅಂದರಂತೆ. ಇವರು ಆ ಚಹಾ ಕುಡಿದು ಮನೆಗೆ ಬಂದು, ಮೈನು ಆರಾಮ ಇದ್ದಾನೆ ಎಂದರು. ಎರಡು ತಿಂಗಳು ಅದನ್ನು ಒಬ್ಬರೇ ನುಂಗಿಕೊಂಡಿದ್ದರು. ನಿನ್ನೆ ಯಾದಗಿರಿಯಿಂದ ಬರುವಾಗ ನನಗೆ ಹೇಳಿದರು. ಇವರು ಹೆಸರು ತೆಗೆಸಿಲ್ಲ. ಬಲಗೈ ಬಿದ್ದವರ ಹೆಸರು ಇನ್ನೂ ಯಾಕೆ ಇಟ್ಟಿದ್ದೀರಿ ಎಂದು ಕಚೇರಿಯಲ್ಲಿ ಯಾರೋ ಕೇಳಿದರಂತೆ. "ಎಡಗೈ ಅದಲ್ರಿ" ಎಂದು ಬಂದಿದ್ದಾರೆ. ಡಾಕ್ಟರ ಚೀಟಿ ಬೇಕಂತೆ, ಸಿಗುತ್ತದೋ ಇಲ್ಲವೋ, ಭಾಯಿ ಹೊಲ ಕಾಯುವ ಅಟ್ಟ ಹತ್ತುತ್ತಾರೋ ಇಲ್ಲವೋ, ಅದೆಲ್ಲ ಆಮೇಲಿನ ಮಾತು. ಬರಬೇಡ ಎಂದ ಮನೆಗೆ ಇವರು ಬರಿಗೈಯಲ್ಲಿ ಬರಲಾರರು, ಆ ರೈಫಲ್ ಹಿಡಿದುಕೊಂಡೇ ಬರಬೇಕು ಎಂದು ಹಟ ಹಿಡಿದಿದ್ದಾರೆ.

ಅದಕ್ಕೆ ನಿನ್ನಿಂದ ಒಂದು ಸಣ್ಣ ಕೆಲಸವಾಗಬೇಕು. ಮಧ್ಯಾಹ್ನ ಭಾಯಿ ಊಟ ಮಾಡಿ ಕಣ್ಣು ಮುಚ್ಚಿದಾಗ ಅವರ ಎಡಗೈಯ ಮೊಣಕೈ ಮಡಿಕೆಯಿಂದ ತೋರುಬೆರಳಿನ ಮೊದಲ ಗೆಣ್ಣಿನತನಕ ದಾರ ಹಿಡಿದು, ಎರಡೂ ತುದಿಗೆ ಗಂಟು ಹಾಕಿ, ಬಸು ಕೈಯಲ್ಲಿ ಕಳಿಸು. ಹೊಲಿಗೆ ದಾರ ಬೇಡ, ಎಳೆದರೆ ಹಿಗ್ಗುತ್ತದೆ. ಚೀಲ ಹೊಲಿಯುವ ಸುತಳಿ ಸಾಕು.