ಹೆಣ್ಣು ನೋಡುವ ಚಹಾಕ್ಕೆ ಉಪ್ಪು ಬೆರೆಸಿದ ಕಚೇರಿಗೆ

ನೀರು ಸರಬರಾಜು ಕಚೇರಿಯ ಮಾನ್ಯ ಎಂಜಿನಿಯರರೇ,

ನನ್ನ ಮಗಳು ಪ್ರಸೀದಾಳ ಸಂಬಂಧ ಮುರಿಯುವ ಹಂತದಲ್ಲಿದೆ. ಕಾರಣ, ತಮ್ಮ ನಲ್ಲಿ.

ಹೋದ ಭಾನುವಾರ ಇಡುಕ್ಕಿಯ ಬೆಟ್ಟದಿಂದ ಗಂಡಿನ ಕಡೆಯವರು ಬಂದಿದ್ದರು. ಪದ್ಧತಿಯಂತೆ ಹುಡುಗಿ ಚಹಾ ತಂದಳು. ಗಡಿಬಿಡಿಯಲ್ಲಿ ನಾನು ರುಚಿ ನೋಡಿರಲಿಲ್ಲ. ಗಂಡಿನ ತಾಯಿ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಹುಡುಗ ಇಷ್ಟ ಇಲ್ಲ ಅಂದ್ರೆ ಬಾಯಲ್ಲಿ ಹೇಳ್ಬಹುದಿತ್ತಲ್ಲ ಮಗಳೇ, ಉಪ್ಪು ಹಾಕಿ ಹೇಳೋದಾ?" ಎಂದವರೇ ಜೀಪು ಹತ್ತಿದರು. ಹುಡುಗ ಅವಳಿಗೆ ಬಹಳ ಇಷ್ಟವಾಗಿದ್ದ. ಅಂದಿನಿಂದ ಅಳುತ್ತಿದ್ದಾಳೆ. ಆ ಕಣ್ಣೀರು ತಮ್ಮ ನಲ್ಲಿ ನೀರಿಗಿಂತ ಸಪ್ಪೆ.

ತಪ್ಪು ನಮ್ಮದೂ ಇದೆ. ಪಂಚಾಂಗದಲ್ಲಿ ರಾಹುಕಾಲ ನೋಡಿದೆವು, ನಕ್ಷತ್ರ ನೋಡಿದೆವು. ಹುಣ್ಣಿಮೆಯ ಉಬ್ಬರ ನೋಡಲು ಮರೆತೆವು. ಅಳಿವೆಯ ದಂಡೆಯಲ್ಲಿ ಹುಟ್ಟಿದವರು ಮಾಡುವ ಕೆಲಸವೇ ಇದು? ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಸಮುದ್ರ ತಳದಿಂದ ನುಸುಳಿ ಬರುತ್ತದೆ. ಉಪ್ಪುನೀರು ಭಾರ, ಕೆಳಗೆ ಹರಿಯುತ್ತದೆ; ಸಿಹಿನೀರು ಹಗುರ, ಮೇಲೆಯೇ ಇರುತ್ತದೆ. ಎರಡೂ ಬೇಗ ಬೆರೆಯುವುದಿಲ್ಲ. ಮುಳುಗಿ ಚಿಪ್ಪು ಹೆಕ್ಕುವ ನನ್ನ ಗಂಡ ದಿವಾಕರನ್ ಇದನ್ನು ನಾಲಿಗೆಯಿಂದಲೇ ಬಲ್ಲರು. ತಮ್ಮ ಪೈಪಿನ ಬಾಯಿ ಮಾತ್ರ ಹೊಳೆಯ ತಳದಲ್ಲಿ, ಉಪ್ಪಿನ ನಡುಮನೆಯಲ್ಲೇ ಕೂತಿದೆ.

ಮರುದಿನ ದೂರು ಕೊಟ್ಟೆವು. ತಾವು ಛತ್ರಿ ಹಿಡಿಸಿಕೊಂಡು ದೋಣಿಯಲ್ಲಿ ದಯಮಾಡಿಸಿ, ಮೇಲಿನ ನೀರನ್ನು ಬಾಟಲಿಗೆ ತುಂಬಿ, ಒಂದು ಗುಟುಕು ಚಪ್ಪರಿಸಿ, "ಕಲ್ಲುಸಕ್ಕರೆ ಇದ್ದ ಹಾಗಿದೆಯಲ್ರೀ!" ಎಂದಿರಿ.

"ಸಾರ್, ಉಪ್ಪು ಕೆಳಗಿದೆ. ಬಾಟಲಿ ಕೊಡಿ, ಮುಳುಗಿ ತುಂಬಿಸ್ಕೊಂಡು ಬರ್ತೀನಿ," ಎಂದರು ನನ್ನ ಗಂಡ.

"ಮುಳುಗೋದಕ್ಕೆಲ್ಲ ನಿಯಮದಲ್ಲಿ ಅವಕಾಶ ಇಲ್ಲ ಕಣಯ್ಯಾ."

ಸ್ವಾಮೀ, ಸಮುದ್ರ ಯಾವ ನಿಯಮದ ಪ್ರಕಾರ ಒಳಗೆ ಬಂತು? ಅರ್ಜಿ ಹಾಕಿತ್ತೇ? ಪಾಯಸದ ಕೆನೆ ನೆಕ್ಕಿ ತಳ ಹತ್ತಿಲ್ಲ ಎನ್ನುವ ಅಡುಗೆಯವನನ್ನು ನಾವು ಮದುವೆಮನೆಗೆ ಸೇರಿಸುವುದಿಲ್ಲ.

ಈಗ ಮದುವೆ ದಲ್ಲಾಳಿ ಸುದ್ದಿ ತಂದಿದ್ದಾನೆ. ಗಂಡಿನ ತಾಯಿ ಅರ್ಧ ಕರಗಿದ್ದಾರಂತೆ: "ಉಪ್ಪು ಹುಡುಗಿ ಹಾಕಿದ್ದಲ್ಲ ಅಂತ ಆಫೀಸಿನವ್ರು ಬರೆದುಕೊಡ್ಲಿ, ಮತ್ತೆ ಬರ್ತೀವಿ."

ಆದ್ದರಿಂದ "ಸದರಿ ಚಹಾದಲ್ಲಿದ್ದ ಉಪ್ಪು ಕಚೇರಿಯದು" ಎಂದು ಮೊಹರು ಒತ್ತಿದ ಪತ್ರ ಈ ವಾರವೇ ಬೇಕು. ಪೈಪಿನ ಬಾಯಿ ಮೇಲೇರಬೇಕು. ಅಲ್ಲಿಯವರೆಗೆ ಇಳಿತದ ಹೊತ್ತಿನಲ್ಲಿ ಮಾತ್ರ ಪಂಪು ಓಡಬೇಕು. ಆಗದು ಎನ್ನುವಿರಾದರೆ ಮುಂದಿನ ಹುಣ್ಣಿಮೆಗೆ ನಮ್ಮ ಮನೆಗೆ ಬನ್ನಿ. ಪ್ರಸೀದಾ ಚಹಾ ಕೊಡುತ್ತಾಳೆ. ಸಿಹಿ ಎಂದರೆ ದೂರು ವಾಪಸ್. ಆದರೆ ಮೇಲಿನ ಗುಟುಕಿಗೇ ಲೋಟ ಕೆಳಗಿಡುವಂತಿಲ್ಲ. ತಳ ಕಾಣುವವರೆಗೆ ಕುಡಿಯಬೇಕು.

ಇಂತಿ,
ಮೇಲೆ ಸಿಹಿ, ತಳದಲ್ಲಿ ಬರೀ ಉಪ್ಪಾಗಿರುವ, ಹೆಣ್ಣು ಹೆತ್ತವಳು,
ಕಾರ್ತ್ಯಾಯನಿ ದಿವಾಕರನ್