ಐದು ಸಲ ಸ್ಟಕ್

ಹೊಲಿಗೆ ಅಂಗಡಿ,
ಮಾರ್ಚ್ 12, ಮಧ್ಯಾಹ್ನ

ಪ್ರೀತಿಯ ಮಗಳೇ,

ನಿನ್ನ ಬೆನ್ನುನೋವು ಹೇಗಿದೆ? ದಿನವಿಡೀ ಕೂತು ಹೊಲಿಯುವವರು ಗಂಟೆಗೊಮ್ಮೆ ಎದ್ದು ನಿಲ್ಲಬೇಕು ಎಂದು ಬಾಯಿ ನೋಯುವಷ್ಟು ಹೇಳಿದ್ದೇನೆ, ಕೇಳಿದವರು ಯಾರು? ನನ್ನ ಕಣ್ಣು, ಕೈ ನೆಟ್ಟಗಿವೆ. "ಅಮ್ಮಂಗೆ ಸೂಜಿ ಪೋಣಿಸೋಕಾಗ್ತಿಲ್ಲ" ಎಂದು ನಿನ್ನ ತಮ್ಮ ಬರೆದಿದ್ದರೆ ನಂಬಬೇಡ.

ನಿನ್ನ ಕಾಗದ ಓದಿದೆ. ಎರಡು ಪುಟದಲ್ಲಿ ಐದು ಸಲ "ಸ್ಟಕ್". ಕಟಿಂಗ್ ಟೇಬಲ್ಲಿಗೆ ಬಡ್ತಿ ಕೊಡುತ್ತೇವೆ ಎಂದಿದ್ದ ಫ್ಯಾಕ್ಟರಿಯವರು ಮೂರು ತಿಂಗಳಿಂದ ಬಾಯಿ ಬಿಡುತ್ತಿಲ್ಲ, ಎಲ್ಲಿ ಸ್ಟಕ್ ಆಗಿದೆಯೋ ಗೊತ್ತಿಲ್ಲ ಎಂದಿದ್ದೀಯ. ಆ ಪದ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಗಿರಾಕಿಗಳಿಗೆ ಜಿಪ್ಪು ಸ್ಟಕ್ಕು. ಎದುರುಮನೆ ಹುಡುಗಿಗೆ ಲೆಕ್ಕ ಸ್ಟಕ್ಕು. ನಿನ್ನ ತಮ್ಮ ತಡವಾಗಿ ಬಂದರೆ ರಸ್ತೆಯಲ್ಲಿ ಸ್ಟಕ್ಕು. ನಾನೂ ಹೈಸ್ಕೂಲು ಮುಗಿಸಿದವಳು, ಹಳೆಯ ನಿಘಂಟು ತೆಗೆದು ನೋಡಿದೆ. ಅಂಟಿಕೊಂಡ, ಸಿಕ್ಕಿಕೊಂಡ, ಮುಂದೆ ಹೋಗಲಾಗದ ಎಂದಿದೆ. ನಮಗೆ ಒಂದೊಂದಕ್ಕೂ ಒಂದೊಂದು ಮಾತಿತ್ತು. ಗಾಡಿ ಕೆಸರಲ್ಲಿ ಹೂತುಕೊಳ್ಳುತ್ತಿತ್ತು, ದಾರ ಸಿಕ್ಕಾಗುತ್ತಿತ್ತು, ಮಾತು ಗಂಟಲಲ್ಲೇ ಉಳಿಯುತ್ತಿತ್ತು, ಕೆಲಸ ನೆನೆಗುದಿಗೆ ಬೀಳುತ್ತಿತ್ತು. ಮನುಷ್ಯರನ್ನಾದರೆ ಯಾರೋ ತಡೆಯುತ್ತಿದ್ದರು. ಅವರಿಗೊಂದು ಮುಖವಿರುತ್ತಿತ್ತು, ಬೈಯಲಿಕ್ಕಾದರೂ ಅನುಕೂಲವಾಗುತ್ತಿತ್ತು. ನಿಮ್ಮ ಸ್ಟಕ್ಕಿನಲ್ಲಿ ಯಾರದ್ದೂ ತಪ್ಪಿಲ್ಲ.

ಫ್ಯಾಕ್ಟರಿಗೆ ಹೊರಡುವ ದಿನವೂ ನೀನು ಅದನ್ನೇ ಅಂದೆ. "ಹನ್ನೊಂದು ವರ್ಷದಿಂದ ಇಲ್ಲೇ ಸ್ಟಕ್ ಆಗಿದೀನಮ್ಮಾ. ಒಂದಿನ ಆದ್ರೂ ಕತ್ತರಿ ಕೊಟ್ಯಾ?" ಕೊಡಲಿಲ್ಲ. ನನ್ನ ಅತ್ತೆ ನನಗೆ ಹದಿನಾಲ್ಕು ವರ್ಷ ಕೊಡಲಿಲ್ಲ, ಅವರ ಕೈ ಸೋತ ಮೇಲೇ ಸಿಕ್ಕಿದ್ದು. ಅಂಗಡಿಯಲ್ಲಿ ಹೊಲಿಯುವವರು ಎಷ್ಟು ಜನ ಬೇಕಾದರೂ ಇರಲಿ, ಬಟ್ಟೆ ಕತ್ತರಿಸುವವರು ಒಬ್ಬರೇ. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿಸಿದ್ದನ್ನು ಏನು ಮಾಡುತ್ತೀ? ನಾನು ಮಧ್ಯಾಹ್ನ ಮಲಗಿದ್ದಾಗ ಡಾಕ್ಟರಮ್ಮನ ಕೋಟನ್ನು ನೀನು ಕದ್ದು ಕತ್ತರಿಸಿದ್ದು ನನಗೆ ಗೊತ್ತಿಲ್ಲ ಎಂದುಕೊಂಡಿದ್ದೀಯಾ? ಆಕೆ ಅದನ್ನು ತೊಟ್ಟು ಬಂದು, "ಇಷ್ಟು ಚೆನ್ನಾಗಿ ಭುಜ ಕೂರೋ ಕೋಟು ನೀವು ಹಿಂದೆಂದೂ ಮಾಡಿಕೊಟ್ಟಿರ್ಲಿಲ್ಲ ಬಿಡಿ" ಎಂದಳು. ನಾನು ನಕ್ಕು, ಆ ಹೊಗಳಿಕೆಯನ್ನು ನಾನೇ ಇಟ್ಟುಕೊಂಡೆ. ಅವತ್ತಿನಿಂದಲೇ ಕತ್ತರಿಯ ಡ್ರಾಯರಿಗೆ ಬೀಗ ಬಿದ್ದದ್ದು.

ಅಂಗಡಿ ನಡೆಯುತ್ತಿದೆ. ಹೋದ ವಾರ ಒಂದು ಸೂಟಿಗೆ ಎರಡು ತೋಳೂ ಎಡಗೈಯವೇ ಆದವು. ಆ ಬಟ್ಟೆಯೇ ಸರಿ ಇರಲಿಲ್ಲ. ನಿನ್ನ ತಮ್ಮ ಹಲ್ಲು ಕಿರಿದ, ಒಂದು ಕೊಟ್ಟೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಯಾರ ಎದುರಿಗೂ ತಲೆ ತಗ್ಗಿಸಬೇಡ. ನೀನು ಚೆನ್ನಾಗಿರಬೇಕು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ.

ನಿನ್ನ ಅಮ್ಮ

ಇನ್ನೊಂದು. ಡಿಸೆಂಬರಿನಲ್ಲಿ ನಿಮ್ಮ ಮ್ಯಾನೇಜರು ಅಂಗಡಿಗೆ ಫೋನು ಮಾಡಿದ್ದ. "ನಿಮ್ಮಲ್ಲಿ ಕೆಲಸ ಮಾಡ್ತಿದ್ರಲ್ಲ, ಅವ್ರಿಗೆ ಕಟಿಂಗ್ ಬರುತ್ತಾ?" ಎಂದು ಕೇಳಿದ. ಮಗಳು ಅಂತಲೂ ಹೇಳಲಿಲ್ಲ ನಾನು. "ಹೊಲಿಗೆ ಪರವಾಗಿಲ್ಲ. ಕತ್ತರಿ ಮುಟ್ಟಿದೋಳಲ್ಲ" ಎಂದೆ. ಇವತ್ತು ಬೆಳಿಗ್ಗೆ ನಾನೇ ಫೋನು ಮಾಡಿ, ಅವಳು ನನಗಿಂತ ಚೆನ್ನಾಗಿ ಕತ್ತರಿಸುತ್ತಾಳೆ ಎಂದು ಹೇಳಿದೆ. "ಆ ಜಾಗಕ್ಕೆ ಹೋದ ತಿಂಗಳೇ ಬೇರೆಯವ್ರನ್ನ ತಗೊಂಡಾಯ್ತಲ್ಲಮ್ಮಾ" ಎಂದ. ಅವರು ನಿನಗೆ ಹೇಳುವ ಹಾಗೆ ಕಾಣುವುದಿಲ್ಲ. ಅದಕ್ಕೇ ನಾನು ಬರೆದೆ.