ಸೋಸದೆ ತುಂಬಿದ ಬಾಟಲಿ

ಹೊಳೆ ನಡುಗಡ್ಡೆ, ಹೊನ್ನಾಳಿ ತಾಲ್ಲೂಕು
೧೨-೩-೧೯೮೪, ಸೋಮವಾರ

ನೀರು ಪರೀಕ್ಷೆಯ ಸಾಹೇಬರಿಗೆ ಕೆಂಪಕ್ಕ ಮಾಡುವ ನಮಸ್ಕಾರ.

ಹೊಳೆಯ ನೀರು ಶುದ್ಧವಾಗಿದೆ ಎಂದು ನೀವು ಬರೆದ ಕಾಗದವನ್ನು ಇಲ್ಲಿನ ಒಂಬತ್ತು ಮನೆಯವರಿಗೂ ನಾನೇ ಓದಿ ಹೇಳಿದೆ. ಅದು ತಪ್ಪು. ತಪ್ಪು ನಿಮ್ಮದಲ್ಲ, ನನ್ನದು.

ಮೇಲ್ಗಡೆ ಕಾರ್ಖಾನೆ ಬಂದ ಮೇಲೆ ಹೊಳೆಯಲ್ಲಿ ಮಿಂದ ಮಕ್ಕಳಿಗೆಲ್ಲ ಮೈ ಹುಣ್ಣಾಯಿತು. ಅದಕ್ಕೇ ನಾವೆಲ್ಲ ಸೇರಿ ಸೋಮವಾರಕ್ಕೊಂದು ಬಾಟಲಿ ನೀರು ತುಂಬಿ, ಹುಣ್ಣಾದವರ ಹೆಸರು ಬರೆದು ನಿಮಗೆ ಕಳಿಸುತ್ತಿದ್ದೆವು. ಮೊದಲ ದಿನ ಪಕ್ಕದ ಮನೆಯ ಗಾದ್ರಮ್ಮ ಬಾಟಲಿಯನ್ನು ಸೀದಾ ಹೊಳೆಗೆ ಅದ್ದಿದಳು. "ಸಾಹೇಬ್ರಿಗೆ ಸೋಸದ ನೀರು ಕೊಡಾಕೆ ನಾಚ್ಕೆ ಆಗಲ್ವೇನೇ?" ಎಂದು ಗದರಿದೆ. ಅಂದಿನಿಂದ ಪ್ರತಿ ಬಾಟಲಿಯನ್ನೂ ಬಟ್ಟೆಯಲ್ಲಿ ಸೋಸಿಯೇ ತುಂಬಿದೆವು.

ನಿಮ್ಮ ಕಾಗದ ಬಂದ ತಿಂಗಳೊಳಗೆ ಎಂಟು ಮನೆಗಳು ಖಾಲಿಯಾದವು. ದೋಣಿ ಹತ್ತುವಾಗ ಗಾದ್ರಮ್ಮ, "ನೀರು ಚಲೋ ಐತಂತಲ್ಲಕ್ಕ, ಹಂಗಾರೆ ಈ ಜಾಗಾನೇ ಕೆಟ್ಟದ್ದು" ಎಂದಳು. ವಾರವಾರ ಬಟ್ಟೆಯಿಂದ ಝಾಡಿಸಿ ಎಸೆಯುತ್ತಿದ್ದ ಕರಿ ಮಡ್ಡಿಯನ್ನು ಮೊನ್ನೆ ಒಬ್ಬಳೇ ಕೂತು ನೋಡಿದಾಗ ತಿಳಿಯಿತು, ನೀವು ಕೇಳಿದ್ದು ಅದನ್ನೇ ಎಂದು.

ಇವತ್ತು ಸೋಸದೆ ತುಂಬಿದ್ದೇನೆ. ಬಟ್ಟೆಯನ್ನೂ ಒಗೆಯದೆ ಜೊತೆಗೆ ಕಟ್ಟಿದ್ದೇನೆ. ಎರಡನ್ನೂ ಪರೀಕ್ಷಿಸಿರಿ. ಗಾದ್ರಮ್ಮ ಈಗ ಸವಳಂಗದಲ್ಲಿದ್ದಾಳೆ; ಉತ್ತರದ ಒಂದು ಪ್ರತಿಯನ್ನು ಅಲ್ಲಿಗೆ, ಅವಳ ಹೆಸರಿಗೆ ಹಾಕಿರಿ. ಅವಳಿಗೆ ಓದು ಬಾರದು. ಕಾಗದ ಬಂದರೆ ಓದಿಸಿಕೊಳ್ಳಲು ನನ್ನ ಹತ್ತಿರವೇ ಬರುವವಳು.

ದೋಣಿಯ ದಾರಿ ನೋಡುತ್ತಾ,
ಕೆಂಪಕ್ಕ